ಫೋಟೋ ಕೆಳಗಿನ ಷರಾ

ನೈರೋಬಿಯ ನಮ್ಮ ಕನ್ನಡದವರಲ್ಲಿ ಯಾರಿಗಾದರೂ ವರ್ಗವಾಯಿತೆಂದರೆ ಕೇಳಿಬರುವ ಮೊದಲ ಪ್ರಶ್ನೆ, ಸಾಮಾನು ಯಾವಾಗ ಹೋಗುತ್ತದೆ ಎಂಬುದು. ಎರಡನೆಯದು, ಟೀಚರಿಗೆ ಹೇಳಿದಿರಾ ಎಂಬುದು. ಟೀಚರೆಂದರೆ ಸೌತ್ ಸಿ ಬಡಾವಣೆಯಲ್ಲಿರುವ ಫಿಲೋಮಿನಾ ಟೀಚರು. ಹೊರಡುವವರಿಗೆ ಬೀಳ್ಕೊಡುಗೆಯ ಊಟದ ದಿನ ಒಂದು ಆಲ್ಬಂ ಕೊಡುವುದು ಪದ್ಧತಿ, ಆ ಆಲ್ಬಂ ಮಾಡುವುದು ಟೀಚರ ಕೆಲಸ. ಇದನ್ನು ಯಾರು ಯಾವಾಗ ಗೊತ್ತುಮಾಡಿದರೋ ದೇವರಿಗೇ ಗೊತ್ತು. ಬಿಸಿಬೇಳೆಬಾತಿಗೆ ಒಬ್ಬರು, ಕೋಸಂಬರಿಗೆ ಒಬ್ಬರು, ಆಲ್ಬಮ್ಮಿಗೆ ಟೀಚರು. ಅವರಿಗೆ ಮನೆಯಲ್ಲಿ ಗಂಡನಿಲ್ಲ, ಮಕ್ಕಳಿಲ್ಲ, ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು, ಕತ್ತರಿ ಹಿಡಿಯಲು ಚೆನ್ನಾಗಿ ಬರುತ್ತದೆ. ಒಬ್ಬರ ತಲೆಗೆ ಕೆಲಸ ಕಟ್ಟಲು ಇಷ್ಟು ಸಾಲದೇ?

ಹೀಗೆ ಹತ್ತು ಆಲ್ಬಂ ಹೋದವು. ಜಿನೀವಾಕ್ಕೆ ಎರಡು, ಮನಿಲಾಕ್ಕೆ ಒಂದು, ಉಳಿದವು ಬೆಂಗಳೂರು, ಮೈಸೂರಿಗೆ. ಹತ್ತರಲ್ಲಿ ಒಂದರಲ್ಲೂ ಟೀಚರ ಮುಖವಿಲ್ಲ. ಫೋಟೋ ತೆಗೆಯುತ್ತಿದ್ದವರು ಅವರೇ. 'ಟೀಚರ್, ನೀವೂ ಬನ್ನಿ' ಎಂದು ಯಾರಾದರೂ ಕರೆಯುವ ಹೊತ್ತಿಗೆ ಎಲ್ಲರೂ ಊಟದ ತಟ್ಟೆ ಹಿಡಿದಾಗಿರುತ್ತಿತ್ತು.

ಟೀಚರ ಊರು ಉಡುಪಿ ಕಡೆಯ ಶಿರ್ವ. ಎರಡು ವರ್ಷದ ಕರಾರಿನ ಮೇಲೆ ಬಂದವರು ಮೂವತ್ತು ವರ್ಷ ಮೂರನೇ ಕ್ಲಾಸಿಗೆ ಪಾಠ ಹೇಳಿದರು. ಆ ಮೂವತ್ತು ವರ್ಷದಲ್ಲಿ ಅವರಿಗೆ ಒಂದು ಚಟ ಅಂಟಿಕೊಂಡಿತ್ತು. ಪ್ರೋಗ್ರೆಸ್ ಕಾರ್ಡಿನಲ್ಲಿ ಪ್ರತಿ ಮಗುವಿನ ಬಗ್ಗೆ ಎರಡು ಸಾಲು ಷರಾ ಬರೆಯಬೇಕಲ್ಲ, ಅದನ್ನು ಅವರು ಮೊದಲು ಒಂದು ರಫ್ ಪುಸ್ತಕದಲ್ಲಿ, ಪೆನ್ಸಿಲಿನಲ್ಲಿ, ಕನ್ನಡದಲ್ಲಿ ಬರೆಯುತ್ತಿದ್ದರು. ಮನೆಮಾತು ಕೊಂಕಣಿಯಾದರೂ ಅಕ್ಷರ ಕಲಿತದ್ದು ಕನ್ನಡ ಶಾಲೆಯಲ್ಲಿ. ಸ್ಟಾಫ್ ರೂಮಿನಲ್ಲಿ ಯಾರಿಗೂ ಅದನ್ನು ಓದಲು ಬರುತ್ತಿರಲಿಲ್ಲವಾದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದಿತ್ತು. 'ಹಠಮಾರಿ. ಆದರೆ ಆಟದಲ್ಲಿ ಬಿದ್ದವರಿಗೆ ಮೊದಲು ಕೈ ನೀಡುವವನು ಇವನೇ.' ಆಮೇಲೆ ಕಾರ್ಡಿನ ಮೇಲೆ ನೀಲಿ ಶಾಯಿಯಲ್ಲಿ, ಇಂಗ್ಲಿಷಿನಲ್ಲಿ, 'ಸುಧಾರಣೆ ಕಾಣುತ್ತಿದೆ' ಎಂದು ಬರೆದು ಸಹಿ ಹಾಕುವುದು. ನಿಜವೆಲ್ಲ ರಫ್ ಪುಸ್ತಕದಲ್ಲಿ, ಮರ್ಯಾದೆಯೆಲ್ಲ ಕಾರ್ಡಿನಲ್ಲಿ. ವರ್ಷದ ಕೊನೆಗೆ ರಫ್ ಪುಸ್ತಕ ಕಸಕ್ಕೆ ಹೋಗುತ್ತಿತ್ತು. ಟೀಚರಿಗೆ ಅದರ ಬಗ್ಗೆ ಯಾವತ್ತೂ ಬೇಸರವಾಗಿದ್ದಿಲ್ಲ.

ಆಲ್ಬಂ ಮಾಡುವುದೂ ಒಂದು ಕಲೆ, ಅದಕ್ಕೆ ಸ್ಕ್ರ್ಯಾಪ್‌ಬುಕ್ ಎಂದು ಹೆಸರು, ಅದನ್ನು ಮಾಡುವವರಿಗೆ ತಮ್ಮದೇ ಒಂದು ಸ್ಟೈಲ್ ಇರಬೇಕು ಎಂಬ ತಲೆನೋವನ್ನು ತಂದವಳು ಸಮೀಕ್ಷಾ. ಯಾವುದೋ ಅಂತಾರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸ, ಹೈರಿಡ್ಜ್‌ನಲ್ಲಿ ಒಂಟಿ ವಾಸ, ಮೂವತ್ತೆರಡರ ಹುಡುಗಿ. ತಿಂಗಳ ಎರಡನೇ ಭಾನುವಾರ ಅವಳ ಮನೆಯಲ್ಲಿ ಆರೇಳು ಹೆಂಗಸರು ಸೇರಿ ಕತ್ತರಿಸಿ ಅಂಟಿಸುತ್ತಿದ್ದರು. ಟೀಚರು ಎರಡು ಮಟಾಟು ಮಿನಿಬಸ್ಸು ಬದಲಿಸಿ ಹೋಗುತ್ತಿದ್ದರು. ಹೋಗದೆ ಇದ್ದರೆ ಆ ಭಾನುವಾರ ಚರ್ಚಿನಿಂದ ಬಂದ ಮೇಲೆ ಮಾತಾಡಲು ಮನೆಯಲ್ಲಿ ಫ್ರಿಜ್ ಒಂದೇ ಇರುತ್ತಿತ್ತು.

ಒಂದು ಭಾನುವಾರ ಸಮೀಕ್ಷಾ ಒಂದು ಆಟ ಆಡಿಸಿದಳು. ಎಲ್ಲರ ಪುಟಗಳನ್ನೂ ಹೆಸರಿಲ್ಲದೆ ಮೇಜಿನ ಮೇಲೆ ಹರಡಿ, ಯಾವುದು ಯಾರದ್ದೆಂದು ಹೇಳಬೇಕು. ಒಣಹೂ, ಹಳೇ ಕಾಗದದ ಬಣ್ಣ ಇದ್ದದ್ದು ಇವರದ್ದು, ಕಿಟೆಂಗೆ ಬಟ್ಟೆಯ ತುಂಡು ಹೊಲಿದದ್ದು ಅವರದ್ದು, ಎಲ್ಲವೂ ಸರಿಯಾಗಿ ಹೊಂದುತ್ತ ಬಂತು. ಕೊನೆಗೆ ಒಂದು ಪುಟ ಉಳಿಯಿತು. ಸ್ಕೇಲ್ ಇಟ್ಟು ಎಳೆದ ಗೆರೆ, ನಾಲ್ಕು ಮೂಲೆಗೂ ನಕ್ಷತ್ರ. ಮೂವತ್ತು ವರ್ಷದಿಂದ ಹೈರಿಡ್ಜ್‌ನಲ್ಲೇ ಇರುವ ಡಾಕ್ಟರ್ ಅನುರಾಧಾ ಅದನ್ನು ಎತ್ತಿ ಹಿಡಿದು, "ಇದ್ಯಾವ್ದೋ ಮಗು ಸ್ಕೂಲ್ ಪ್ರಾಜೆಕ್ಟ್ ಬಂದು ಸೇರ್ಕೊಂಡಿದೆ" ಅಂದರು. ಎಲ್ಲರೂ ನಕ್ಕರು. ಟೀಚರೂ ನಕ್ಕರು, ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ.

ಹೊರಡುವಾಗ ಸಮೀಕ್ಷಾ ಬಾಗಿಲವರೆಗೆ ಬಂದಳು. "ಬೇಜಾರ್ ಮಾಡ್ಕೋಬೇಡಿ ಆಂಟಿ. ನಿಮ್ದೇ ಅಂತ ಒಂದು ಸ್ಟೈಲ್ ಸಿಗ್ಬೇಕು ಅಷ್ಟೇ. ಪೇಜ್ ನೋಡಿದ್ ತಕ್ಷಣ, ಓ, ಇದು ಫಿಲೋಮಿನಾ ಆಂಟಿದು ಅನ್ಬೇಕು."

"ಅರವತ್ತನಾಲ್ಕು ವರ್ಷಕ್ಕೆ ಇನ್ನೆಂತದು ಸಿಗುವುದು ಮಾರಾಯ್ತಿ," ಅಂದರು ಟೀಚರು. ಆದರೆ ಆ ಮಾತು ಮಟಾಟುವಿನಲ್ಲಿ ಮನೆಯವರೆಗೂ ಜೊತೆಗೆ ಬಂತು. ಊರೂರಿಗೆ ತಮ್ಮ ಕೈಯ ಕೆಲಸ ಹಂಚಿದ್ದಾರೆ, ಅದನ್ನು ನೋಡಿ ಇದು ಇಂಥವರದ್ದು ಎನ್ನುವವರು ಒಬ್ಬರೂ ಇಲ್ಲ. ಅವತ್ತಿನಿಂದ ಟೀಚರಿಗೆ ಇದೊಂದೇ ಆಸೆ. ಹೆಸರು ಬರೆಯದಿದ್ದರೂ ತನ್ನದೆಂದು ಗೊತ್ತಾಗುವಂಥ ಒಂದು ಪುಟವನ್ನಾದರೂ ಮಾಡಬೇಕು.

ಅದೇ ಸಮಯಕ್ಕೆ ಮೈತ್ರಿಯ ವರ್ಗದ ಸುದ್ದಿ ಬಂತು. ಮೈತ್ರಿ, ಗಂಡ ಕೌಸ್ತುಭ್, ಎಂಟು ವರ್ಷದ ಮಗಳು ಪ್ರಣತಿ ರಿವರ್‌ಸೈಡ್‌ನ ಅಪಾರ್ಟ್‌ಮೆಂಟಿನಲ್ಲಿ ಮೂರು ವರ್ಷ ಇದ್ದರು. ಪ್ರತಿ ಶನಿವಾರ ಪ್ರಣತಿಗೆ ಕನ್ನಡ ಕಲಿಸಲು ಟೀಚರು ಅಲ್ಲಿಗೆ ಹೋಗುತ್ತಿದ್ದರು. ಪಾಠ ಒಂದು ಗಂಟೆ, ಆದರೆ ಟೀಚರು ಮನೆಗೆ ಮರಳುತ್ತಿದ್ದದ್ದು ಸಂಜೆಗೆ. ಇವರು ಕನ್ನಡದಲ್ಲಿ ಕೇಳುವುದು, ಮಗು ಇಂಗ್ಲಿಷಿನಲ್ಲಿ ಉತ್ತರಿಸುವುದು, ಹಾಗೆಯೇ ಇಬ್ಬರಿಗೂ ಪ್ರೀತಿ ಬೆಳೆದಿತ್ತು. ಈಗ ಅವರು ಬ್ಯಾಂಕಾಕಿಗೆ ಹೊರಟರು.

ಟೀಚರು ಈ ಹನ್ನೊಂದನೇ ಆಲ್ಬಮ್ಮಿಗೆ ಜೀವ ಸುರಿದರು. ಸಮೀಕ್ಷಾಳ ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಕಾಪಿ ಹೊಡೆದರು. ಕಾಗದದ ಗುಲಾಬಿ, ಲೇಸು, ಗುಂಡಿ, ಮಣಿ, ಚಿನ್ನದ ಬಣ್ಣದ ಟೇಪು, ಇಂಗ್ಲಿಷ್ ಅಕ್ಷರದ ಸ್ಟಿಕರು. ಯಾವ ಪುಟದಲ್ಲೂ ಸ್ಕೇಲಿನ ಗೆರೆ ಕಾಣಬಾರದೆಂದು ಹಟ. ಹಳೆಯ ಅಭ್ಯಾಸವೊಂದು ಮಾತ್ರ ಬಿಡಲಿಲ್ಲ. ಅಂಟಿಸುವ ಮೊದಲು ಫೋಟೋದ ಜಾಗಕ್ಕೆ ಪೆನ್ಸಿಲಿನಲ್ಲಿ ಚೌಕ ಎಳೆದು, ಅಲ್ಲಿಗೆ ಯಾವ ಫೋಟೋ ಎಂದು ಒಳಗೆ ಬರೆದುಕೊಳ್ಳುತ್ತಿದ್ದರು. ಬೇರೆ ಆಲ್ಬಮ್ಮುಗಳಲ್ಲಿ 'ಪಿಕ್ನಿಕ್' ಎಂದೋ 'ಹುಟ್ಟುಹಬ್ಬ' ಎಂದೋ ಬರೆದು ಮುಗಿಸುತ್ತಿದ್ದರು. ಈ ಸಲ ಕೈ ಅಲ್ಲಿಗೇ ನಿಲ್ಲಲಿಲ್ಲ. 'ಪ್ರಣತಿ, ಹಲ್ಲು' ಎಂದು ಬರೆದ ಪೆನ್ಸಿಲು ಮುಂದಕ್ಕೆ ಹೋಗಿ ಎರಡು ಸಾಲು ಷರಾ ಬರೆಯಿತು. ಹೇಗೂ ಮೇಲೆ ಫೋಟೋ ಬರುತ್ತದೆ, ಯಾರು ನೋಡುತ್ತಾರೆ ಎಂದುಕೊಂಡು ಟೀಚರು ಅದನ್ನು ಅಳಿಸದೆ ಗೋಂದು ಹಚ್ಚಿದರು. ಮೂವತ್ತು ಫೋಟೋಕ್ಕೂ ಹಾಗೇ ಆಯಿತು.

ಬೀಳ್ಕೊಡುಗೆಯ ದಿನ ಮೈತ್ರಿ ಆಲ್ಬಂ ಎರಡು ಕೈಯಲ್ಲಿ ಹಿಡಿದು, "ಆಂಟಿ, ನೀವೇ ಮಾಡಿದ್ದಾ ಇದು? ಸೀರಿಯಸ್ಲಿ, ಅಂಗಡಿಯಿಂದ ತಂದ ಹಾಗಿದೆ!" ಅಂದಳು. ಟೀಚರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು. ಪ್ರಣತಿ ಅವರ ಸೊಂಟ ತಬ್ಬಿ ಅತ್ತಳು. ಆಲ್ಬಂ ನಾಲ್ಕು ಕಿಲೋ ತೂಗುತ್ತಿತ್ತು.

ಹೊರಡುವವರು ತಮ್ಮ ಮನೆಯ ಕೆಲಸದವಳಿಗೆ ಬೇರೆ ಮನೆ ಹುಡುಕಿಕೊಟ್ಟು ಹೋಗುವುದೂ ಇಲ್ಲಿಯ ಪದ್ಧತಿ. ಮೈತ್ರಿ ಸೆಲಿನ್‌ಗೆ ಮೂರು ಮನೆ ಹುಡುಕಿದಳು, ಅದರಲ್ಲಿ ಗುರುವಾರ ಟೀಚರ ಪಾಲಿಗೆ ಬಂತು. ಒಬ್ಬರೇ ಇರುವ ಮನೆಯಲ್ಲಿ ಕೆಲಸವೇನಿದೆ ಎಂದು ಟೀಚರು ಗೊಣಗಿದರು. ಆದರೂ ಬೇಡ ಅನ್ನಲಿಲ್ಲ.

ಮೂರನೇ ಗುರುವಾರ ಸೆಲಿನ್ ಒಂದು ದೊಡ್ಡ ಚೀಲ ತಂದಳು. ಗುಡಿಸಿ ಒರೆಸಿ ಆದ ಮೇಲೆ ಚಹಾ ಕುಡಿಯುತ್ತ ಅದರೊಳಗಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಚಿನ್ನದ ಟೇಪು, ಕಾಗದದ ಗುಲಾಬಿ. ಟೀಚರ ಹನ್ನೊಂದನೇ ಆಲ್ಬಂ.

"ಮ್ವಾಲಿಮು," ಅಂದಳು ಸೆಲಿನ್. ಟೀಚರನ್ನು ಅವಳು ಹಾಗೆಯೇ ಕರೆಯುವುದು, ಮೈತ್ರಿಯನ್ನು ಪ್ರಣತಿಯ ಅಮ್ಮನೆಂದು ಮಮಾ ಪ್ರಣತಿ. ಟೀಚರ ಜೊತೆ ಅವಳ ಮಾತೆಲ್ಲ ಸ್ವಾಹಿಲಿಯಲ್ಲೇ. "ಇದನ್ನ ಮಮಾ ಪ್ರಣತಿ ನನ್ನ ಮಗಳಿಗೆ ಕೊಟ್ರು. ದಪ್ಪ ಕಾಗದ, ಚಿತ್ರ ಬರೀಲಿ ಅಂದ್ರು. ಒಳಗೆಲ್ಲ ಪೆನ್ಸಿಲಲ್ಲಿ ಏನೋ ಬರ್ದಿದೆ. ನಿಮ್ಮ ಭಾಷೆ ಇರ್ಬೇಕು. ಏನಾದ್ರೂ ಮುಖ್ಯವಾದದ್ದಾ? ಅಲ್ಲಾಂದ್ರೆ ಮಗಳು ಅಳಿಸಿಕೊಳ್ತಾಳೆ."

ಟೀಚರು ಪುಟ ತೆರೆದರು. ಫೋಟೋಗಳಿರಲಿಲ್ಲ. ಒಂದೂ ಇರಲಿಲ್ಲ. ಗುಲಾಬಿ, ಲೇಸು, ಮಣಿ ಎಲ್ಲ ಹಾಗೇ ಇದ್ದವು. ಅವುಗಳ ನಡುವೆ ಖಾಲಿ ಚೌಕಗಳು, ಚೌಕಗಳ ಒಳಗೆ ತಮ್ಮದೇ ಅಕ್ಷರ.

"ಫೋಟೋ ಎಲ್ಲಿ?" ಎಂದು ಕೇಳಿದರು, ಗೊತ್ತಿದ್ದೂ.

"ಅವರೇ ತೆಗ್ದ್ರು. ಬ್ಯಾಗು ತುಂಬಾ ಭಾರ ಆಗಿತ್ತು, ಕೆಳಗೆ ಟ್ಯಾಕ್ಸಿ ಬಂದಿತ್ತು. ಮಮಾ ಪ್ರಣತಿ ಕೂದಲು ಒಣಗಿಸೋ ಮಷೀನಲ್ಲಿ ಬಿಸಿ ಮಾಡಿ ಮಾಡಿ ಕಿತ್ತರು. ನಾನೂ ಹಿಡ್ಕೊಂಡೆ."

ಟೀಚರಿಗೆ ಬಂದದ್ದು ಸಿಟ್ಟಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಅವರು ಕುರ್ಚಿ ಎಳೆದು ಕೂತರು. ಮೂರು ವರ್ಷದ ಶನಿವಾರಗಳು ಕಣ್ಣ ಮುಂದೆ ಬಂದವು. ತಮ್ಮ ಮುಖಗಳನ್ನು ಜೋಪಾನವಾಗಿ ಬಿಡಿಸಿಕೊಂಡು ಹೋಗಿದ್ದಾರೆ, ಉಳಿದದ್ದು ಇದು.

"ಮ್ವಾಲಿಮು, ಅಳಿಸಬಹುದಾ?"

"ಬೇಡ," ಅಂದರು ಟೀಚರು. ಸೆಲಿನ್ ಕಾಯುತ್ತಿದ್ದಳು. ಏನಾದರೂ ಹೇಳಬೇಕಲ್ಲ ಎಂದು ಅವರು ಮೊದಲ ಚೌಕವನ್ನು ಸ್ವಾಹಿಲಿಗೆ ತಿರುಗಿಸುತ್ತ ಓದಿದರು.

'ಪ್ರಣತಿ, ಹಲ್ಲು. ಮುರಿದದ್ದು ನಾನು ಕೊಟ್ಟ ಚಕ್ಕುಲಿಗೆ. ಅಮ್ಮನಿಗೆ ಹೇಳಬೇಡಿ ಎಂದು ಬೇಡಿಕೊಂಡಳು. ಹೇಳಲಿಲ್ಲ.'

ಸೆಲಿನ್ ಬಾಯಿ ಮುಚ್ಚಿಕೊಂಡು ನಕ್ಕಳು. "ಹೌದು ಹೌದು, ಆ ದಿನ ಹಲ್ಲು ಹುಡುಕಿದ್ದು ನಾನೇ. ಸೋಫಾ ಕೆಳಗಿತ್ತು. ಮುಂದಿನದು?"

'ಕೌಸ್ತುಭ್, ನೈವಾಷಾ ಪಿಕ್ನಿಕ್. ಎಷ್ಟು ನಗುತ್ತಿದ್ದಾನೆ. ಅಪ್ಪನ ಆಪರೇಷನ್ನಿನ ಸುದ್ದಿ ಹಿಂದಿನ ದಿನವೇ ಬಂದಿತ್ತಂತೆ. ಯಾರ ಊಟವನ್ನೂ ಕೆಡಿಸಲಿಲ್ಲ.'

'ಮೈತ್ರಿ, ದೀಪಾವಳಿ. ಹೋಳಿಗೆ ಲಟ್ಟಿಸಿದ್ದು ಸೆಲಿನ್, ತಟ್ಟೆ ಹಿಡಿದು ನಿಂತದ್ದು ಇವಳು. ಸೆಲಿನ್‌ಳನ್ನು ಕರೆದೆ. ಕೈಯೆಲ್ಲ ಹಿಟ್ಟು ಎಂದು ಬರಲಿಲ್ಲ.'

ಸೆಲಿನ್ ನಗಲಿಲ್ಲ. ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. "ನಿಜ, ಹಿಟ್ಟಿತ್ತು," ಅಂದಳು. ಆಮೇಲೆ, "ನನ್ನ ಹೆಸರು ಎಲ್ಲಿದೆ, ತೋರಿಸಿ" ಎಂದಳು. ಟೀಚರು ಬೆರಳಿಟ್ಟು ತೋರಿಸಿದರು. ಓದಲಾರದ ಆ ಅಕ್ಷರಗಳನ್ನು ಅವಳು ಬಹಳ ಹೊತ್ತು ನೋಡಿದಳು.

ಕೊನೆಯ ಚೌಕವನ್ನು ಟೀಚರು ಜೋರಾಗಿ ಓದಲಿಲ್ಲ. 'ಮೂವರೂ, ಬಾಗಿಲಲ್ಲಿ. ಇದು ಕೊನೆಯ ಶನಿವಾರ. ಫೋಟೋ ಆದ ಮೇಲೆ ಬಾಗಿಲು ಹಾಕಿಕೊಂಡರು. ನಾನು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಿದ್ದೆ.'

ಸೆಲಿನ್ ಮಗಳಿಗೆ ಹೊಸ ಡ್ರಾಯಿಂಗ್ ಪುಸ್ತಕ ಕೊಡಿಸುವುದೆಂದು ಮಾತಾಯಿತು, ಆಲ್ಬಂ ಟೀಚರ ಮನೆಯಲ್ಲೇ ಉಳಿಯಿತು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ ಸೆಲಿನ್ ಕೇಳಿದಳು. "ಮಮಾ ಪ್ರಣತಿ ಇದನ್ನೆಲ್ಲ ಓದಿದ್ರಾ?"

ಅದೇ ಪ್ರಶ್ನೆ ಟೀಚರನ್ನೂ ಕೊರೆಯುತ್ತಿತ್ತು. ಮೈತ್ರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಒಂದೊಂದೇ ಫೋಟೋ ಬಿಡಿಸುವಾಗ ಕೆಳಗಿನ ಸಾಲು ಕಣ್ಣಿಗೆ ಬಿದ್ದೇ ಬಿದ್ದಿರಬೇಕು. ಓದಿಯೂ ಬಿಟ್ಟುಹೋದಳೇ? ಓದಲೂ ಪುರುಸೊತ್ತಿರಲಿಲ್ಲವೇ? ಎರಡರಲ್ಲಿ ಯಾವುದು ಕಡಿಮೆ ನೋವಿನದು ಎಂದು ಎರಡು ದಿನ ಲೆಕ್ಕ ಹಾಕಿದರು.

ಶನಿವಾರ ಪಾಠದ ಹೊತ್ತಿಗೆ ಸರಿಯಾಗಿ ಮೈತ್ರಿಯ ವಿಡಿಯೋ ಕಾಲ್ ಬಂತು. ಬ್ಯಾಂಕಾಕಿನ ಮನೆ ದೊಡ್ಡದಾಗಿದೆ, ಸ್ಕೂಲ್ ಸಿಕ್ಕಿದೆ, ಪ್ರಣತಿ ಸ್ವಿಮ್ಮಿಂಗ್‌ಗೆ ಹೋಗಿದಾಳೆ. ಎಲ್ಲ ಮುಗಿದ ಮೇಲೆ ಟೀಚರು ಬಾಯಿ ತಡೆಯಲಾರದೆ, "ಆಲ್ಬಂ ಸರಿಯಾಗಿ ತಲುಪಿತಲ್ಲ?" ಎಂದು ಕೇಳಿದರು.

"ಅಯ್ಯೋ ಆಂಟಿ, ಇಲ್ಲೇ ಶೆಲ್ಫ್ ಮೇಲಿದೆ! ಬಂದೋರಿಗೆಲ್ಲ ತೋರಿಸ್ತಾ ಇರ್ತೀನಿ. ಪ್ರಣತಿಯಂತೂ ದಿನಾ ತೆಗ್ದು ನೋಡ್ತಾಳೆ."

ಆಲ್ಬಂ ಟೀಚರ ಮಡಿಲಲ್ಲಿತ್ತು, ಫೋನಿನ ಕಣ್ಣಿಗೆ ಕಾಣದ ಹಾಗೆ ಸ್ವಲ್ಪ ಕೆಳಗೆ. ಮೂವತ್ತು ವರ್ಷ ಎಂಟು ವರ್ಷದವರ ಸುಳ್ಳುಗಳನ್ನು ಕೇಳಿದ ಕಿವಿ ಅದು. ಹೋಂವರ್ಕ್ ಮನೆಯಲ್ಲಿ ಬಿಟ್ಟುಬಂದೆ ಎನ್ನುವ ಮಗುವೂ ಹೀಗೆಯೇ ಬೇಡದ ವಿವರ ಸೇರಿಸುತ್ತಿತ್ತು. ಆ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಬಹುದಿತ್ತು. ಇವಳನ್ನು ಏನು ಮಾಡುವುದು? ಓದಿದೆಯಾ ಎಂದು ಕೇಳಿದರೆ ಸುಳ್ಳು ಬಯಲಾಗಿ ಅವಳ ಮುಖ ಸಣ್ಣದಾಗುತ್ತದೆ, ಆಮೇಲೆ ಫೋನೂ ಬರುವುದಿಲ್ಲ. ಇರುವ ಒಂದು ಫೋನನ್ನು ಕಳೆದುಕೊಳ್ಳುವ ಧೈರ್ಯ ಟೀಚರಿಗಿರಲಿಲ್ಲ.

"ಒಳ್ಳೆಯದಾಯಿತು ಮಗಾ," ಅಂದರು. ಫೋನ್ ಇಟ್ಟ ಮೇಲೆ ಅತ್ತರು.

ಅತ್ತು ಮುಖ ತೊಳೆದು ಬಂದವರ ಕೈಗೆ ಅಡುಗೆಮನೆಯ ಸಣ್ಣ ಚಾಕು ಬಂತು. ಅದೇನು ಸಿಟ್ಟೋ, ಮೊದಲ ಪುಟದ ಗುಲಾಬಿಯನ್ನು ಎಬ್ಬಿಸಿದರು. ಆಮೇಲೆ ಲೇಸು, ಮಣಿ, ಚಿನ್ನದ ಟೇಪು, 'ಸಿಹಿ ನೆನಪುಗಳು' ಎಂದು ಇಂಗ್ಲಿಷಿನಲ್ಲಿ ಅಂಟಿಸಿದ್ದ ಸ್ಟಿಕರು. ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಕಸದ ರಾಶಿ, ಪುಸ್ತಕದಲ್ಲಿ ಬರೀ ಚೌಕ ಮತ್ತು ಷರಾ. ಟೀಚರು ಕನ್ನಡಕ ಒರೆಸಿಕೊಂಡು ನೋಡಿದರು. ಇದನ್ನು ಯಾರ ಮೊಬೈಲಿನಿಂದಲೂ ಕದ್ದಿರಲಿಲ್ಲ. ಸ್ಕೇಲಿನ ಗೆರೆ ಇತ್ತು, ಇರಲಿ, ಅದೂ ಚೆನ್ನಾಗಿಯೇ ಕಾಣುತ್ತಿತ್ತು. ಒಂದು ಮುಖವೂ ಇಲ್ಲದ ಆ ಪುಟದಲ್ಲಿ ಪ್ರಣತಿಯ ಹಲ್ಲಿತ್ತು, ಕೌಸ್ತುಭನ ನಗುವಿತ್ತು, ಸೆಲಿನ್‌ಳ ಹಿಟ್ಟಿನ ಕೈಯಿತ್ತು, ಮೆಟ್ಟಿಲ ಮೇಲೆ ತಾವೂ ಇದ್ದರು. ಹೊಗಳಲು ಯಾರೂ ಇರಲಿಲ್ಲವಾದ್ದರಿಂದ ಟೀಚರೇ, "ಪರವಾಗಿಲ್ಲ" ಅಂದರು.

ಐದು ತಿಂಗಳ ಮೇಲೆ ಸಮೀಕ್ಷಾಳ ಸರದಿ ಬಂತು. ಅವಳ ಕರಾರು ಮುಗಿದು ಬೆಂಗಳೂರಿಗೆ ಹೊರಟಿದ್ದಳು. ಟೀಚರಿಗೆ ಯಾರೂ ವಿಶೇಷವಾಗಿ ಹೇಳಬೇಕಾಗಿರಲಿಲ್ಲ. ಹನ್ನೆರಡನೇ ಆಲ್ಬಂ ಎಂದು ಎಲ್ಲರೂ ಊಹಿಸಿದ್ದೇ.

ಭಾನುವಾರ ಮಧ್ಯಾಹ್ನ ಹೈರಿಡ್ಜ್‌ನ ಮನೆಯಲ್ಲಿ ಊಟ ಮುಗಿದು, ಗೋಡೆಗೆ ಒರಗಿಸಿದ್ದ ಪೆಟ್ಟಿಗೆಗಳ ನಡುವೆ ಎಲ್ಲರೂ ಕೂತರು. ಟೀಚರು ಕೈಚೀಲದಿಂದ ಒಂದು ಕವರು ತೆಗೆದು ಸಮೀಕ್ಷಾಳಿಗೆ ಕೊಟ್ಟರು. ಒಳಗೆ ಇಪ್ಪತ್ತು ಫೋಟೋ. ಬರೀ ಫೋಟೋ. ಸಮೀಕ್ಷಾ ಕವರಿನೊಳಗೆ ಇಣುಕಿ, ಮತ್ತೇನಾದರೂ ಇದೆಯೇ ಎಂಬಂತೆ ಟೀಚರ ಮುಖ ನೋಡಿದಳು. ಅನುರಾಧಾ ಕಣ್ಣಲ್ಲೇ 'ಆಲ್ಬಂ ಎಲ್ಲಿ' ಎಂದು ಪಕ್ಕದವರನ್ನು ಕೇಳಿದರು. ಆಗ ಟೀಚರು ಚೀಲದಿಂದ ಕಪ್ಪು ದಾರದಲ್ಲಿ ಹೊಲಿದ ಒಂದು ತೆಳು ಪುಸ್ತಕ ತೆಗೆದರು. ಹೂವಿಲ್ಲ, ಮಣಿಯಿಲ್ಲ. ಪುಟಕ್ಕೊಂದು ಚೌಕ.

"ಫೋಟೋ ಒಂದೊಂದೇ ನೋಡು. ನಾನು ಓದುತ್ತೇನೆ," ಅಂದರು.

'ಸಮೀಕ್ಷಾ, ಕತ್ತರಿ ಹಿಡಿದದ್ದು. ಎಲ್ಲರಿಗೂ ಅವರವರ ಸ್ಟೈಲು ಹುಡುಕಿಕೊಡುತ್ತಾಳೆ. ತನ್ನ ಪುಟವನ್ನು ಮೂರು ಸಲ ಹರಿದು ಹಾಕಿದ್ದನ್ನು ನಾನು ನೋಡಿದ್ದೇನೆ.'

ನಗು ಎದ್ದಿತು. ಸಮೀಕ್ಷಾ, "ಆಂಟೀ!" ಎಂದು ಕಿರುಚಿದಳು.

'ಸಮೀಕ್ಷಾ, ಹುಟ್ಟುಹಬ್ಬ. ಕೇಕ್ ಕತ್ತರಿಸುವ ಮೊದಲು ಎರಡು ಸಲ ಫೋನ್ ನೋಡಿದಳು. ಯಾರದ್ದೋ ಕಾಲ್ ಬರಬೇಕಿತ್ತು. ಬರಲಿಲ್ಲ. ದೊಡ್ಡ ತುಂಡು ನನಗೇ ಕೊಟ್ಟಳು.'

ಈ ಸಲ ಯಾರೂ ನಗಲಿಲ್ಲ. ಸಮೀಕ್ಷಾ ಆ ಫೋಟೋವನ್ನು ತಿರುಗಿಸಿ ನೋಡಿ, ಮತ್ತೆ ನೇರ ಮಾಡಿ ನೋಡಿದಳು. ಟೀಚರು ಓದುತ್ತ ಹೋದರು. ಹದಿನೈದನೇ ಚೌಕದ ಹೊತ್ತಿಗೆ ಸಮೀಕ್ಷಾ ಫೋಟೋ ನೋಡುವುದನ್ನೇ ಬಿಟ್ಟು ಕೇಳುತ್ತ ಕೂತಿದ್ದಳು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

ಮುಗಿದ ಮೇಲೆ ಮೊದಲು ಮಾತಾಡಿದವರು ಅನುರಾಧಾ. "ಇದಕ್ಕೆ ಹೆಸ್ರು ಬರೀದಿದ್ರೂ ಟೀಚರ್‌ದೇ ಅಂತ ಗೊತ್ತಾಗತ್ತೆ ಕಣ್ರೀ." ಅವರಿಗೆ ಹಿಂದಿನ ಆಟ ನೆನಪಿರಲಿಲ್ಲ. ಟೀಚರಿಗೆ ಇತ್ತು.

"ನನ್ ಬಗ್ಗೆ ಏನ್ ಬರೀತೀರಾ ಟೀಚರ್?"

"ನೀವು ಹೊರಡಿ ಡಾಕ್ಟ್ರೇ, ಆಮೇಲೆ ನೋಡುವ," ಅಂದರು ಟೀಚರು, ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತ.

ಸಮೀಕ್ಷಾ ಚಾಚಿದ ಕೈ ಹಾಗೇ ಉಳಿಯಿತು. "ಆಂಟಿ, ಬುಕ್ ನಂಗಲ್ವಾ?"

"ಅಲ್ಲ."

"ಪ್ಲೀಸ್ ಆಂಟಿ. ಎಷ್ಟ್ ಲೈಟ್ ಆಗಿದೆ, ಹ್ಯಾಂಡ್ ಬ್ಯಾಗಲ್ಲೇ ಇಟ್ಕೊಂಡ್ ಹೋಗ್ತೀನಿ."

ಒಂದು ಕ್ಷಣ ಟೀಚರ ಕೈ ಚೀಲದ ಬಾಯಿಯ ಮೇಲೆ ತಡೆಯಿತು. ಈ ಹುಡುಗಿ ನಿಜವಾಗಿಯೂ ಇಟ್ಟುಕೊಂಡಾಳು. ಇವಳು ಕಿತ್ತುಕೊಂಡು ಹೋಗುವವಳಲ್ಲ. ಆದರೂ ಅವರು ತಲೆಯಾಡಿಸಿದರು.

"ಫೋಟೋ ನಿನ್ನದು, ಪುಸ್ತಕ ನನ್ನದು. ನೀನು ಹೋಗುವವಳು ಮಾರಾಯ್ತಿ. ನಾನು ಇಲ್ಲೇ ಇರುವವಳು. ನನಗೂ ಏನಾದರೂ ಬೇಕಲ್ಲ."

ಇಷ್ಟು ವರ್ಷದಲ್ಲಿ ಟೀಚರು ತನಗೆ ಬೇಕು ಎಂದದ್ದನ್ನು ಆ ಕೋಣೆಯಲ್ಲಿದ್ದ ಯಾರೂ ಕೇಳಿರಲಿಲ್ಲ. ಯಾರೋ ಕಾಫಿ ಮಾಡಲು ಎದ್ದರು. ಸಮೀಕ್ಷಾ ಬಂದು ಟೀಚರ ಭುಜಕ್ಕೆ ಹಣೆ ಒತ್ತಿ ನಿಂತಳು.

ಮರಳುವಾಗ ಸೌತ್ ಸಿಯ ಮಟಾಟುವಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಟೀಚರು ಪುಸ್ತಕವನ್ನು ತೊಡೆಯ ಮೇಲಿಟ್ಟು ಕೊನೆಯ ಪುಟ ತೆರೆದರು. ಅದು ಖಾಲಿಯಿತ್ತು. ಪೆನ್ಸಿಲ್ ತೆಗೆದು, ಗಾಡಿ ಕುಲುಕುತ್ತಿದ್ದರಿಂದ ಸ್ಕೇಲಿಲ್ಲದೆಯೇ ಒಂದು ಸೊಟ್ಟ ಚೌಕ ಎಳೆದು, ಒಳಗೆ ಬರೆದರು. 'ಸಮೀಕ್ಷಾ, ಬಾಗಿಲಲ್ಲಿ. ಪುಸ್ತಕ ಕೇಳಿದಳು, ಕೊಡಲಿಲ್ಲ. ಇವತ್ತು ಫೋಟೋ ತೆಗೆಯಲು ಮರೆತೆ.'

ಬರೆದದ್ದನ್ನು ಯಾರಿಗಾದರೂ ಓದಿ ಹೇಳಬೇಕೆನಿಸಿತು. ಪಕ್ಕದ ಸೀಟಿನವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿದ್ದೆ ಹೋಗಿದ್ದ. ಮುಂದಿನ ತಿಂಗಳ ಎರಡನೇ ಭಾನುವಾರ ಹೋಗಲು ಇನ್ನು ಮನೆಯೂ ಇಲ್ಲ. ಸೆಲಿನ್ ಬರುವುದು ಗುರುವಾರ. ಗುರುವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.